ಇಪ್ಪತ್ತು ಸಾವಿರದ ನೀಲಿ

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಒಬ್ಬ ಗುಮಾಸ್ತರಿದ್ದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಬಂದವರಿಗೂ, ನೀರು ನಿಲ್ಲುತ್ತಲೇ ಇಲ್ಲವೆಂದು ಬಂದವರಿಗೂ ಅವರು ಒಂದೇ ಧ್ವನಿಯಲ್ಲಿ "ಆಗ್ಲಿ, ನೋಡೋಣಪ್ಪ" ಎನ್ನುತ್ತಿದ್ದರು. ಹೀಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವರ ಹೆಸರು ನೋಡೋಣಪ್ಪ ಎಂದೇ ಆಗಿಹೋಗಿತ್ತು. ಅದಕ್ಕೆ ಬೇಸರಪಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದರೊಳಗೆ ಹೆಸರು ಹಳೆಯದಾಗಿಬಿಟ್ಟಿತ್ತು.

ಇಂಥ ನೋಡೋಣಪ್ಪನವರು ಜೀವಮಾನದಲ್ಲಿ ಒಂದೇ ಒಂದು ಸಲ "ಅದನ್ನ ನನಗೆ ಬಿಡಿ" ಎಂದರು. ಅದೂ ಮಾವನವರ ಅಂತ್ಯಕ್ರಿಯೆ ಮುಗಿಸಿ ಬಂದ ಮಧ್ಯಾಹ್ನ.

ಮಾವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತಿಯ ನಂತರ ಸಮುದ್ರವನ್ನು ಬಿಟ್ಟಿರಲಾಗದೆ ಅದರ ಒಂದು ತುಂಡನ್ನು ಮನೆಯ ಹಾಲಿನಲ್ಲಿ ತಂದಿಟ್ಟುಕೊಂಡಿದ್ದರು. ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಬಂಡೆಗಳ ಮೇಲೆ ಜೀವಂತ ಹವಳ, ನಾಲ್ಕಾರು ಮೀನು. ತೊಟ್ಟಿಯ ಮೇಲೆ ಒಂದು ಮೆಟಲ್ ಹ್ಯಾಲೈಡ್ ಬಲ್ಬು, ಸಣ್ಣ ಸೂರ್ಯನ ಹಾಗೆ. ಹವಳಕ್ಕೆ ಊಟಕ್ಕಿಂತ ಬೆಳಕು ಮುಖ್ಯ ಎಂದು ಮಾವ ಹೇಳುತ್ತಿದ್ದರು. ಅಳಿಯನ ಜೊತೆ ಅವರು ಆಡಿದ ಇನ್ನೊಂದು ಮಾತೆಂದರೆ "ಬಚ್ಚಲ ನಲ್ಲಿ ಸೋರ್ತಿದೆ, ನೋಡಿ" ಎಂಬುದು. ಹೃದಯ ಕೈಕೊಟ್ಟು ಅವರು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಆ ಬಲ್ಬೂ ಒಮ್ಮೆ ಮಿಣುಕಿ ಆರಿಹೋಯಿತು. ಎರಡನ್ನೂ ಸರಿಪಡಿಸುವವರು ಯಾರೂ ಇರಲಿಲ್ಲ.

ಅಂತ್ಯಕ್ರಿಯೆಯ ಆ ಮಧ್ಯಾಹ್ನ ಎಲ್ಲರೂ ಮಾವನ ಮನೆಯ ಹಾಲಿನಲ್ಲಿ ಕೂತಿದ್ದಾಗ ಬಾಮೈದನೇ ಮಾತು ತೆಗೆದ. ಅವನು ವಕೀಲ. ಮನೆಯವರ ಜೊತೆಗೂ ಎದುರು ಪಕ್ಷದವರ ಜೊತೆ ಮಾತಾಡುವ ಹಾಗೆಯೇ ಮಾತಾಡುತ್ತಿದ್ದ.

"ಅಮ್ಮ ನನ್ನ ಜೊತೆ ಬರ್ಲಿ. ಆದ್ರೆ ಈ ತೊಟ್ಟಿ ಬರೋ ಹಾಗಿಲ್ಲ. ಇದನ್ನ ಖಾಲಿ ಮಾಡಿಸ್ಬಿಡೋಣ. ಯಾರದಾದ್ರೂ ಆಕ್ಷೇಪಣೆ ಇದೆಯಾ?"

ಅತ್ತೆ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಗಂಡ ಹೋದಾಗಿನಿಂದ ಅವರು ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಈಗಲೂ ಆಡಲಿಲ್ಲ. ಕುರ್ಚಿಯ ತೋಳನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದರು.

ಅದನ್ನು ಕಂಡ ನೋಡೋಣಪ್ಪನವರಿಗೆ ಏನಾಯಿತೋ ತಿಳಿಯದು. "ಬಲ್ಬು ತಾನೇ ಹೋಗಿರೋದು? ಅದನ್ನ ನನಗೆ ಬಿಡಿ. ತೊಟ್ಟೀನೂ ಅತ್ತೇನೂ ನಮ್ಮನೆಗೆ ಬರ್ಲಿ" ಎಂದುಬಿಟ್ಟರು.

"ಭಾವ, ಹವಳದ ಬಗ್ಗೆ ನಿಮಗೇನು ಗೊತ್ತು?"

"ನೀರಿನ ಇಲಾಖೆಯಲ್ಲೇ ನನ್ನ ತಲೆ ನರೆತಿದೆ" ಎಂದರು ನೋಡೋಣಪ್ಪನವರು.

ಇದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ತೊಟ್ಟಿ ಬಂತು, ಬಕೆಟ್ಟುಗಳಲ್ಲಿ ಸಮುದ್ರ ಬಂತು, ಕುರ್ಚಿಯ ಸಮೇತ ಅತ್ತೆಯೂ ಬಂದರು. ನೋಡೋಣಪ್ಪನವರ ಮನೆಯ ಹಾಲು ಚಿಕ್ಕದು. ತೊಟ್ಟಿಯನ್ನು ಬೀದಿಯ ಕಿಟಕಿಯ ಪಕ್ಕದಲ್ಲಿಟ್ಟ ಮೇಲೆ ಮನೆಯವರು ಅಡ್ಡಡ್ಡಲಾಗಿ ಓಡಾಡಬೇಕಾಯಿತು. ಹೆಂಡತಿ ಪಾತ್ರೆಗಳನ್ನು ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು.

ಹಳೆಯ ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೋಡೋಣಪ್ಪನವರು ಮೀನಿನಂಗಡಿಗೆ ಹೋದರು. ಅಂಗಡಿಯವನು ಬೇಸತ್ತ ಮನುಷ್ಯ. ಜನರೆಲ್ಲ ಎಲ್‌ಇಡಿ ದೀಪಕ್ಕೆ ಬದಲಾಗಿ, ಈ ಬಲ್ಬುಗಳು ಅವನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಅವನು ಹಳೆಯ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದ. ಅದರ ಮೇಲಿನ ಅಕ್ಷರವೆಲ್ಲ ಸುಟ್ಟುಹೋಗಿತ್ತು.

"ನೂರೈವತ್ತು ವ್ಯಾಟಿಂದು. ನಿಮ್ಮ ದೀಪದ ಚೋಕ್‌ಗೆ ಅದೇ ಹೊಂದೋದು. ಎಷ್ಟು ಕೆಲ್ವಿನ್ ಬೇಕು?"

"ಒಂದು ಸಾಕು" ಎಂದರು ನೋಡೋಣಪ್ಪನವರು.

ಅಂಗಡಿಯವನು ನಗಲಿಲ್ಲ. ಅವನು ನಗುವುದನ್ನು ಬಿಟ್ಟು ಬಹಳ ದಿನವಾಗಿತ್ತು. "ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣ. ಹತ್ತು ಸಾವಿರದ್ದು ಬಿಳಿ, ಹವಳ ಚೆನ್ನಾಗಿ ಬೆಳೆಯುತ್ತೆ. ಹದಿನಾಲ್ಕು ಸಾವಿರದ್ದು ಸ್ವಲ್ಪ ನೀಲಿ. ಇಪ್ಪತ್ತು ಸಾವಿರದ್ದು ಪೂರ್ತಿ ನೀಲಿ, ಆಳ ಸಮುದ್ರದ ಥರ. ನೋಡೋಕೆ ಚೆಂದ, ಬೆಳೆಯೋದು ನಿಧಾನ. ಹದಿನಾಲ್ಕು ಖಾಲಿಯಾಗಿದೆ."

ನೋಡೋಣಪ್ಪನವರು ಯೋಚಿಸಿದರು. ಅವರ ಕಚೇರಿಯಲ್ಲಿ ಸಂಬಳದ ಸಂಖ್ಯೆ ದೊಡ್ಡದಾದಷ್ಟೂ ಕುರ್ಚಿ ಮೆತ್ತಗಿರುತ್ತಿತ್ತು. ಇಪ್ಪತ್ತು ಸಾವಿರ ಎದುರಿಗೇ ಇರುವಾಗ ಹತ್ತು ಸಾವಿರವನ್ನು ಒಯ್ದರೆ, ಬಾಮೈದ ಕೇಳಿದಾಗ ಏನು ಹೇಳುವುದು?

"ಇಪ್ಪತ್ತು ಸಾವಿರದ್ದೇ ಕೊಡಿ."

"ಒಂದು ತಿಂಗಳು ಕತ್ತಲೇಲಿ ಇತ್ತು ಅಂದ್ರಲ್ಲ. ಹವಳ ಉಳಿಯೋದು ಕಷ್ಟ. ಮೂರು ತಿಂಗಳು ನೋಡಿ" ಎಂದು ಅವನು ಬಲ್ಬಿನ ಮೇಲಿನ ಧೂಳನ್ನು ಊದಿದ. ಬಿಳಿಯದನ್ನು ಕೊಳ್ಳಿ ಎಂದು ಒತ್ತಾಯಿಸಲಿಲ್ಲ. ಅವನಿಗೆ ಎರಡರಲ್ಲಿ ಯಾವುದು ಹೋದರೂ ಸಾಕಾಗಿತ್ತು.

ಸಂಜೆ ಬಲ್ಬು ಹಾಕಿದರು. ಮೆಟಲ್ ಹ್ಯಾಲೈಡ್ ಬಲ್ಬು ಒಮ್ಮೆಲೇ ಹೊತ್ತಿಕೊಳ್ಳುವುದಿಲ್ಲ. ಮೊದಲು ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ಮಂಕಾಗಿ ಬೆಳಗಿತು. ಆಮೇಲೆ ನೇರಳೆಯಾಯಿತು. ಆಮೇಲೆ ನೀಲಿಯಾಯಿತು, ಇನ್ನೂ ನೀಲಿಯಾಯಿತು. ತೊಟ್ಟಿ ನೀಲಿ, ಗೋಡೆ ನೀಲಿ, ತಟ್ಟೆಯಲ್ಲಿದ್ದ ಅನ್ನವೂ ನೀಲಿ. ಬಣ್ಣ ಎದ್ದು ಕಾಣಲೆಂದು ನೋಡೋಣಪ್ಪನವರು ಹಾಲಿನ ಟ್ಯೂಬ್‌ಲೈಟನ್ನು ಆರಿಸಿದರು. ಬಲ್ಬಿನ ಕಾವಿಗೆ ನೀರು ಬಿಸಿಯಾಗುತ್ತದೆಂದು ಕಿಟಕಿಯನ್ನೂ ಪೂರ್ತಿ ತೆರೆದಿಟ್ಟರು.

ಹೆಂಡತಿ ಗಂಡನ ಮುಖ ನೋಡಿದಳು. "ಕನ್ನಡೀಲಿ ನೋಡ್ಕೊಳ್ಳಿ. ಥೇಟ್ ಹೆಣ. ಹೊತ್ಕೊಂಡು ಹೋಗೋಕೆ ನಾಲ್ಕು ಜನ ಬೇಕು, ಅಷ್ಟೇ."

"ಹವಳ ನೋಡು, ಹವಳ" ಎಂದರು ನೋಡೋಣಪ್ಪನವರು.

ಅತ್ತೆ ತಮ್ಮ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡರು. ಅಂದಿನಿಂದ ಪ್ರತಿ ಸಂಜೆ ದೀಪ ಹೊತ್ತಿದ ಕೂಡಲೇ ಅಲ್ಲಿ ಕೂರುವರು, ಆರಿಸುವವರೆಗೆ ಏಳುತ್ತಿರಲಿಲ್ಲ. ಕಣ್ಣರೆಪ್ಪೆ ಬಡಿಯುವುದೂ ಅಪರೂಪ. ನೋಡೋಣಪ್ಪನವರಿಗೆ ಹೆಮ್ಮೆಯೋ ಹೆಮ್ಮೆ. ಅತ್ತೆಗೆ ತಮ್ಮ ಆಯ್ಕೆ ಹಿಡಿಸಿದೆ ಎಂದುಕೊಂಡರು.

ಬೀದಿ ಅಗಲವಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬೀದಿ ಕಿರಿದು. ಎದುರು ಮನೆಯ ಕಿಟಕಿಯಲ್ಲಿ ನರ್ಸಮ್ಮ ಇದ್ದರು. ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ಆಯಸ್ಸು ಸವೆಸಿ ನಿವೃತ್ತರಾದವರು. ಸುತ್ತಮುತ್ತ ಯಾರಿಗೆ ಏನು ಕಾಯಿಲೆ ಎಂಬುದು ಅವರಿಗೆ ಕಾಯಿಲೆಯವರಿಗಿಂತ ಮೊದಲೇ ತಿಳಿಯುತ್ತಿತ್ತು. ಕಡುನೀಲಿ ತುಟಿ, ಕಡುನೀಲಿ ಉಗುರು, ಅಲುಗಾಡದ ಶರೀರ: ಎರಡು ಸಂಜೆ ನೋಡಿದರು, ಮೂರನೆಯ ಸಂಜೆ ತಡೆಯಲಾರದೆ ಬಂದು ಬಾಗಿಲು ತಟ್ಟಿದರು.

ನೋಡೋಣಪ್ಪನವರು ಮೊಣಕೈವರೆಗೆ ಒದ್ದೆಯಾದ ಕೈಯಲ್ಲೇ ಬಾಗಿಲು ತೆರೆದರು. ಬಂಡೆ ಉಜ್ಜುತ್ತಿದ್ದರು, ತಲೆಯಲ್ಲಿ ಹವಳದ ಹೊರತು ಬೇರೇನೂ ಇರಲಿಲ್ಲ. ನರ್ಸಮ್ಮ ಅವರ ಹೆಗಲ ಮೇಲಿಂದ ಒಳಗೆ ಇಣುಕಿ, ಅತ್ತೆಯ ಕಡೆ ಗಲ್ಲ ತೋರಿಸಿ, ಮೆಲ್ಲಗೆ ಕೇಳಿದರು. "ಯಾವಾಗಿಂದ ಹೀಗೆ?"

ನೋಡೋಣಪ್ಪನವರೂ ಆ ಕಡೆ ತಿರುಗಿ ತೊಟ್ಟಿಯನ್ನು ನೋಡಿದರು. "ಮಾವ ಹೋದಾಗಿಂದ. ಪೂರ್ತಿ ಬಿಳಚ್ಕೊಂಡಿತ್ತು. ಈಗ ಪರವಾಗಿಲ್ಲ, ನೀಲಿ ಬಂದಿದೆ."

"ನೀಲಿ ಬಂದ್ರೆ ಪರವಾಗಿಲ್ವಾ?"

"ಇರೋದ್ರಲ್ಲೇ ಜಾಸ್ತಿ ನೀಲಿ ಇದು. ನಾನೇ ಮುತುವರ್ಜಿಯಿಂದ ಮಾಡ್ಸಿದ್ದು."

ನರ್ಸಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಊಟ?"

"ವಾರಕ್ಕೆ ಎರಡು ಸಲ, ಒಂದೊಂದು ಚಿಟಿಕೆ. ಜಾಸ್ತಿ ಹಾಕಿದ್ರೆ ಗಲೀಜಾಗುತ್ತೆ. ಆಮೇಲೆ ತೊಳೆಯೋದು ಯಾರು?"

"ಯಾರಿಗಾದ್ರೂ ತೋರ್ಸಿದ್ರಾ?"

"ಮೀನಿನಂಗಡಿಯವನನ್ನ ಕೇಳ್ದೆ. ಮೂರು ತಿಂಗಳು ನೋಡಿ ಅಂದ. ಅಷ್ಟರಲ್ಲಿ ಚೇತರಿಸ್ಕೊಳ್ದಿದ್ರೆ ಎತ್ತಿ ಹೊರಗೆ ಹಾಕೋದೇ. ಒಳಗೇ ಬಿಟ್ಕೊಂಡ್ರೆ ವಾಸನೆ ಬರುತ್ತಂತೆ."

"ನಿಮ್ಮ ಹೆಂಡ್ತಿ ಏನಂತಾರೆ?"

"ಅವಳಿಗೆ ಸಾಕಾಗಿಹೋಗಿದೆ. ಮೂರು ತಿಂಗಳು ಯಾಕೆ, ಇವತ್ತೇ ಹಾಕಿ ಅಂತಾಳೆ. ನಾನೇ ಪಾಪ ಅಂತ ಇಟ್ಕೊಂಡಿದೀನಿ."

ನರ್ಸಮ್ಮ ಎಷ್ಟೋ ಬಗೆಯ ಅಳಿಯಂದಿರನ್ನು ವಾರ್ಡಿನಲ್ಲಿ ಕಂಡಿದ್ದರು. ಹೀಗೆ ಒದ್ದೆ ಕೈ ಒರೆಸಿಕೊಳ್ಳುತ್ತ ನಗುಮುಖದಲ್ಲಿ ಹೇಳುವವನನ್ನು ಕಂಡಿರಲಿಲ್ಲ. ಸರಸರನೆ ಮೆಟ್ಟಿಲಿಳಿದು ಹೋದರು.

ಮರುದಿನದಿಂದ ಬೀದಿಯ ರೀತಿಯೇ ಬದಲಾಯಿತು. ಕೆಳಗಿನ ಮನೆಯ ದರ್ಜಿ ನೋಡೋಣಪ್ಪನವರನ್ನು ಕಂಡರೆ ಹೊಲಿಗೆಯಂತ್ರವನ್ನು ಜೋರಾಗಿ ತುಳಿಯತೊಡಗಿದ. ಯಾರೋ ಬಾಗಿಲ ಬಳಿ ಹಣ್ಣಿನ ಬುಟ್ಟಿ ಇಟ್ಟು ಹೋದರು. ಮಾವ ತೀರಿಕೊಂಡ ಸಂತಾಪ ತಡವಾಗಿ ಬಂದಿದೆಯೆಂದುಕೊಂಡ ನೋಡೋಣಪ್ಪನವರು ಸೇಬನ್ನು ಒರೆಸಿ, ಅತ್ತೆಯ ಪಕ್ಕದಲ್ಲೇ ಕಿಟಕಿಗೆ ಒರಗಿ ನಿಂತು ತಿಂದರು. "ನಿಮಗೂ ಒಂದು ಕೊಡ್ಲಾ ಅತ್ತೆ?" ಎಂದು ಅವರು ಕೇಳಿದ್ದು, ಅತ್ತೆ ಬೇಡವೆಂದು ತಲೆಯಾಡಿಸಿದ್ದು ಬೀದಿಗೆ ಕಾಣಲಿಲ್ಲ. ಸೇಬು ಮಾತ್ರ ಕಂಡಿತು.

ಕಚೇರಿಯಲ್ಲಿ ಅಧಿಕಾರಿಗಳು ಕರೆಸಿದರು. ಹವಳದ ಸುದ್ದಿಯನ್ನು ನೋಡೋಣಪ್ಪನವರು ಅಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದರಾದ್ದರಿಂದ, ಇವರಿಗೂ ಅದರಲ್ಲಿ ಆಸಕ್ತಿ ಹುಟ್ಟಿದೆಯೆಂದು ಸಂತೋಷಪಟ್ಟರು.

"ಮನೆ ವಿಷಯ ಕಿವಿಗೆ ಬಿತ್ತು" ಎಂದರು ಅಧಿಕಾರಿ. "ಹೋಗೋ ಜೀವಾನ ಹಿಡಿದು ನಿಲ್ಸೋಕಾಗಲ್ಲ, ಒಪ್ತೀನಿ. ಆದ್ರೆ ಇರೋವರೆಗೆ ಚೆನ್ನಾಗಿ ನೋಡ್ಕೋಬೇಕಲ್ರೀ."

"ನೋಡ್ಕೊತಿದೀನಿ ಸಾರ್. ಇಪ್ಪತ್ತು ಸಾವಿರದ್ದೇ ಹಾಕ್ಸಿದೀನಿ. ಆದ್ರೆ ಒಂದು ಮಾತು. ಒಂದು ಹೋದ್ರೆ ಇನ್ನೊಂದು ತಂದಿಟ್ರೆ ಆಯ್ತು. ಅಂಗಡೀಲಿ ಬೇಕಾದಷ್ಟಿದೆ."

ಮಧ್ಯಾಹ್ನದ ಹೊತ್ತಿಗೆ ನೋಡೋಣಪ್ಪನವರ ಮೇಜನ್ನು ಕೆಟ್ಟ ಮೀಟರುಗಳ ರಾಶಿಯಿದ್ದ ಹಿಂದಿನ ಕೋಣೆಗೆ ಸಾಗಿಸಲಾಯಿತು. ಅಲ್ಲಿ ಕಿಟಕಿಯಿಲ್ಲ, ದೂರು ಹೇಳಲು ಬರುವವರೂ ಇಲ್ಲ. ತಮಗೆ ಪ್ರತ್ಯೇಕ ಕೋಣೆ ಸಿಕ್ಕಿತೆಂದು ಅವರು ಮನೆಯಲ್ಲಿ ಹೇಳಿದರು. ಹೆಂಡತಿ "ಬಡ್ತಿಯಾ?" ಎಂದು ಕೇಳಿದಾಗ "ಹಾಗೇ ಅಂದ್ಕೋ" ಎಂದರು. ಆದರೂ ರಾತ್ರಿಯ ಊಟ ಸೇರಲಿಲ್ಲ.

ನರ್ಸಮ್ಮ ಸುಮ್ಮನಿರುವವರಲ್ಲ. ಎಲ್ಲಿಂದಲೋ ಬಾಮೈದನ ಫೋನ್ ನಂಬರು ಹಿಡಿದು, ತಾವು ಕಂಡದ್ದನ್ನೂ ಕೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದರು. ವಾರ ಕಳೆಯುವುದರೊಳಗೆ ಒಂದು ಸಂಜೆ ಬಾಮೈದ ಬಂದ. ಜೊತೆಗೆ ಅತ್ತೆಯ ತಂಗಿಯನ್ನೂ, ಚೀಲ ಹಿಡಿದ ಒಬ್ಬ ಡಾಕ್ಟರನ್ನೂ ಕರೆತಂದಿದ್ದ. ಬಾಗಿಲಲ್ಲಿ ನಿಂತಾಗ ನೀಲಿ ಬೆಳಕು ಏರಿ ತುಂಬಿತ್ತು, ಅದರ ನಡುವೆ ಅತ್ತೆ ಕಲ್ಲಿನ ಹಾಗೆ ಕೂತಿದ್ದರು.

ತಂಗಿ ಬಾಗಿಲಲ್ಲೇ ಕುಸಿದರು. "ಅಯ್ಯೋ ನಮ್ಮಕ್ಕ, ನಾನು ಬರೋದು ತಡ ಆಯ್ತಲ್ಲೇ."

ಡಾಕ್ಟರು ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟರು, ಮತ್ತೆ ನಾಡಿ ಹಿಡಿದರು. "ಆಶ್ಚರ್ಯ. ನಾಡಿ ಸರಿ ಇದೆ, ಉಸಿರಾಟ ಸರಿ ಇದೆ. ಬಣ್ಣ ಮಾತ್ರ ಇರಬಾರದ ಬಣ್ಣ" ಎಂದು ಅತ್ತೆಯ ಬೆರಳನ್ನು ಹತ್ತಿರಕ್ಕೆ ತಂದು ನೋಡಿದರು. ಆಗ ಅವರ ದೃಷ್ಟಿ ತಮ್ಮ ಬೆರಳಿನ ಮೇಲೆ ಬಿತ್ತು. ಅದೂ ಕಡುನೀಲಿ. ಮೆಲ್ಲಗೆ ಹೋಗಿ ಒಂದು ಮೂಲೆಯಲ್ಲಿ ಕೂತು ತಮ್ಮದೇ ನಾಡಿ ಹಿಡಿದುಕೊಂಡರು.

"ಭಾವ, ವಾರಕ್ಕೆ ಎರಡು ಸಲ ಅಮ್ಮನಿಗೆ ಊಟ ಹಾಕ್ತೀರಂತೆ" ಎಂದ ಬಾಮೈದ. "ಹೌದೋ ಅಲ್ಲವೋ, ಅಷ್ಟು ಹೇಳಿ."

"ಯಾರಿಗೆ?"

"ಅಮ್ಮ ಸತ್ರೆ ಎತ್ತಿ ಹೊರಗೆ ಹಾಕ್ತೀನಿ ಅಂದಿದೀರಂತೆ. ಸಾಕ್ಷಿ ಇದೆ."

"ಅದು ಹವಳಕ್ಕೆ ಅಂದಿದ್ದು" ಎಂದರು ನೋಡೋಣಪ್ಪನವರು, ಕಂಗಾಲಾಗಿ. ಬೀದಿ, ಸೇಬು, ಮೀಟರುಗಳ ಕೋಣೆ ಎಲ್ಲವೂ ಒಟ್ಟಿಗೇ ಅವರ ತಲೆಯೊಳಗೆ ಬಂದು ಕೂತವು. "ಇದು ಕಾಯಿಲೆ ಅಲ್ಲ ಮಾರಾಯ, ಕೆಲ್ವಿನ್. ಹತ್ತು ಸಾವಿರ ಆಗಿದ್ರೆ ಬಿಳಿ ಇರ್ತಿತ್ತು."

"ಹಣದ ಮಾತು ಬೇಡ ಭಾವ. ಬಿಳಿಯೋ ಕಪ್ಪೋ, ಅದನ್ನ ಆಮೇಲೆ ನೋಡೋಣ."

"ಅಮ್ಮ ಚೆನ್ನಾಗಿ ಊಟ ಮಾಡ್ತಿದಾರೆ ಕಣೋ" ಎಂದಳು ಹೆಂಡತಿ. ಯಾರೂ ಕೇಳಿಸಿಕೊಳ್ಳಲಿಲ್ಲ. ತಂಗಿ ಆಗಲೇ ನೆಲದಿಂದೆದ್ದು, ಅಕ್ಕನನ್ನು ಅಪ್ಪನ ಸಮಾಧಿಯ ಪಕ್ಕದಲ್ಲೇ ಮಲಗಿಸಬೇಕೋ ಗಂಡನ ಸಮಾಧಿಯ ಪಕ್ಕದಲ್ಲೋ ಎಂಬ ಚರ್ಚೆಗೆ ಇಳಿದಿದ್ದರು. ಬಾಮೈದ, ಅಮ್ಮ ಹೋದ ಮೇಲೆ ಮೊದಲು ಈ ತೊಟ್ಟಿ ಒಡೆಸಬೇಕು ಎಂದ. ಇಷ್ಟನ್ನೂ ಅವರು ಅತ್ತೆಯ ತಲೆಯ ಮೇಲೇ, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಆಡಿದರು.

ನೋಡೋಣಪ್ಪನವರಿಗೆ ಇನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆನ್ನಿಸಿತು. ಬಂಡೆ ಉಜ್ಜಿ ಒದ್ದೆಯಾಗಿದ್ದ ಕೈಯಲ್ಲೇ ಬಲ್ಬಿನ ತಂತಿಯನ್ನು ಹಿಡಿದು ಒಮ್ಮೆ ಎಳೆದರು. ತೊಟ್ಟಿಯ ನೀರು ನೆಲಕ್ಕೆ ತುಳುಕಿತು. ಚಟ್ ಎಂದು ಒಂದು ಕಿಡಿ ಹಾರಿತು. ಮನೆಯ ಫ್ಯೂಸೇ ಹೋಯಿತು.

ಕತ್ತಲಾಯಿತು. ಪಂಪೂ ನಿಂತಿತು. ಇಷ್ಟು ದಿನ ಎಡೆಬಿಡದೆ ಕೇಳಿಸುತ್ತಿದ್ದ ನೀರಿನ ಗೊರಗೊರ ಸದ್ದು ನಿಂತಾಗ, ಮನೆಯಲ್ಲಿ ಇನ್ಯಾರೋ ತೀರಿಕೊಂಡ ಹಾಗಾಯಿತು. ಬಾಮೈದ ಮೊಬೈಲಿನ ಟಾರ್ಚು ಹೊತ್ತಿಸಿದ.

"ಆರಿಸು ಅದನ್ನ. ಕಣ್ಣಿಗೆ ಚುಚ್ಚುತ್ತೆ."

ಅದು ಅತ್ತೆಯ ಧ್ವನಿ. ಗಂಡ ಹೋದ ಮೇಲೆ ಆಡಿದ ಮೊದಲ ಮಾತು. ಬಾಮೈದ ಆರಿಸಿದ.

"ಅತ್ತೆ, ನಾನು ಫ್ಯೂಸು ಹಾಕ್ತೀನಿ. ಪಂಪು ನಿಂತ್ರೆ ಹವಳ..." ಎಂದು ನೋಡೋಣಪ್ಪನವರು ತಡವರಿಸಿದರು.

"ಸ್ವಲ್ಪ ಹೊತ್ತಿಗೆ ಏನೂ ಆಗಲ್ಲ ಅದಕ್ಕೆ. ಅಲ್ಲೇ ಕೂತ್ಕೊಳ್ಳಿ."

ನೋಡೋಣಪ್ಪನವರು ನೆಲದ ಮೇಲೆ, ಚೆಲ್ಲಿದ್ದ ಉಪ್ಪುನೀರಿನಲ್ಲೇ ಕೂತರು.

"ನನಗೆ ಈ ಹವಳ ಯಾವತ್ತೂ ಸೇರಿಲ್ಲ" ಎಂದರು ಅತ್ತೆ. "ಹಡಗಲ್ಲಿದ್ದಾಗ ಅವರಿರ್ತಿರಲಿಲ್ಲ. ಮನೆಗೆ ಬಂದ ಮೇಲೆ ಈ ಕಡೆ ಮುಖ ಮಾಡಿ ಕೂತ್ಬಿಟ್ರು. ನನಗೆ ಬೆನ್ನೇ ಕಾಣ್ತಿದ್ದದ್ದು. ಆಮೇಲೆ ಒಂದಿನ ಹಿಂದೆ ಕೂತು ನೋಡಿದಾಗ ಗಾಜಿನಲ್ಲಿ ಅವರ ಮುಖ ಕಾಣಿಸ್ತು. ಅವರು ನೀರು ನೋಡೋರು, ನಾನು ಗಾಜು ನೋಡ್ತಿದ್ದೆ. ಅವರಿಗೆ ಗೊತ್ತೇ ಆಗಲಿಲ್ಲ."

ಕತ್ತಲಲ್ಲೇ ಅತ್ತೆ ಮಗನಿದ್ದ ಕಡೆ ತಿರುಗಿದರು.

"ಆಸ್ಪತ್ರೇಲಿ ಕೊನೆಗೆ ಅವರ ಮುಖ ಒಂಥರಾ ನೀಲಿಗಟ್ಟಿತ್ತು. ನೀನು ಹೊರಗೆ ಫೋನಲ್ಲಿದ್ದೆ, ನೋಡಲಿಲ್ಲ. ಅಳಿಯಂದಿರು ಈ ಬಲ್ಬು ಹಾಕಿದ ದಿನ ಗಾಜಿನಲ್ಲಿ ನೋಡ್ದೆ, ಅದೇ ಮುಖ. ನನ್ನದೇ ಅಂತ ಗೊತ್ತು. ಅಷ್ಟೊಂದು ವರ್ಷ ಜೊತೆಗಿದ್ರೆ ಮುಖಾನೂ ಹಾಗೇ ಆಗುತ್ತೋ ಏನೋ. ಅದಕ್ಕೇ ಕೂತಿರ್ತಿದ್ದೆ."

ಕತ್ತಲಲ್ಲಿ ತಂಗಿ ಮೂಗು ಸೇದಿದ್ದು ಕೇಳಿಸಿತು. ಕೊನೆಗೆ ಡಾಕ್ಟರೇ ಮೂಲೆಯಿಂದ ಸಂಕೋಚದಲ್ಲಿ ಕೇಳಿದರು. "ಹಾಗಾದ್ರೆ ಇದು ಬರೀ ದೀಪದ ಬಣ್ಣ ಅಂತೀರಾ?"

"ಬರೀ ದೀಪ" ಎಂದರು ಅತ್ತೆ.

ಹೆಂಡತಿ ತಡಕಾಡಿ ಫ್ಯೂಸು ಹಾಕಿದಳು. ಅಡುಗೆಮನೆಯ ದೀಪ ಹೊತ್ತಿ ಅದರ ಹಳದಿ ಬೆಳಕು ಹಾಲಿಗೂ ಬಂತು. ಪಂಪು ಗೊರಗುಟ್ಟಿತು. ಮೆಟಲ್ ಹ್ಯಾಲೈಡ್ ಬಲ್ಬು ಮಾತ್ರ ಹೊತ್ತಿಕೊಳ್ಳಲಿಲ್ಲ. ಒಮ್ಮೆ ಆರಿದರೆ, ಪೂರ್ತಿ ತಣ್ಣಗಾಗುವವರೆಗೆ ಅದು ಯಾರ ಮಾತೂ ಕೇಳುವುದಿಲ್ಲ. ಎಲ್ಲರ ಮುಖಕ್ಕೂ ಅವರವರ ಬಣ್ಣ ವಾಪಸು ಬಂದಿತ್ತು. ಡಾಕ್ಟರು ತಮ್ಮ ಉಗುರನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಚೀಲ ಮುಚ್ಚಿ, ಯಾರ ಕಡೆಗೂ ನೋಡದೆ ಹೊರಟರು.

"ಅಮ್ಮ, ನಮ್ಮನೆಗೆ ಬಾ" ಎಂದ ಬಾಮೈದ. ಈ ಸಲ ಅದು ನೋಟೀಸಿನ ಹಾಗಿರಲಿಲ್ಲ.

"ಬರ್ತೀನಿ, ಈಗಲ್ಲ" ಎಂದು ಅತ್ತೆ ಅಳಿಯನ ಕಡೆ ತಿರುಗಿದರು. "ನಾಳೆ ಬಿಳೀದು ತನ್ನಿ. ನೋಡಿದ್ದು ಸಾಕು."

ಮರುದಿನ ನೋಡೋಣಪ್ಪನವರು ಹತ್ತು ಸಾವಿರದ್ದನ್ನು ತಂದು ಹಾಕಿದರು. ಬಿಳಿ ಬೆಳಕು ಏರಿದಾಗ ನೀಲಿ ಮುಚ್ಚಿಟ್ಟಿದ್ದೆಲ್ಲ ಬಯಲಾಯಿತು. ಹವಳದ ಮುಕ್ಕಾಲು ಪಾಲು ಯಾವಾಗಲೋ ಸತ್ತು ಸುಣ್ಣದ ಕಡ್ಡಿಗಳಾಗಿ ನಿಂತಿತ್ತು. ಒಂದು ಬಂಡೆಯ ಬುಡದಲ್ಲಿ ಕಂದು ಬಣ್ಣದ ಸಣ್ಣ ಗಡ್ಡೆಯೊಂದು ಮಾತ್ರ ಬದುಕಿತ್ತು. ಅತ್ತೆ ಗಾಜಿನಲ್ಲಿ ಒಮ್ಮೆ ನೋಡಿದರು. ಅಲ್ಲಿ ಒಬ್ಬ ಮುದುಕಿ ಮಾತ್ರ ಇದ್ದಳು. ಎದ್ದು ಅಡುಗೆಮನೆಗೆ ಹೋಗಿ ಮಗಳ ಜೊತೆ ಬೀನ್ಸ್ ಸೋಸಲು ಕೂತರು.

ಎದುರು ಕಿಟಕಿಯಿಂದ ನರ್ಸಮ್ಮ ನೋಡಿದರು. ಹಿಂದಿನ ಸಂಜೆ ಡಾಕ್ಟರು ಬಂದು ತಲೆತಗ್ಗಿಸಿ ಹೋದದ್ದನ್ನು ಅವರು ಕಂಡಿದ್ದರು. ಮನೆಯೊಳಗೆ ಕತ್ತಲಾದದ್ದನ್ನೂ ಕಂಡಿದ್ದರು. ಈಗ ಬೆಳ್ಳಗಿನ ಬೆಳಕಿನಲ್ಲಿ ಕುರ್ಚಿ ಖಾಲಿಯಾಗಿತ್ತು. ಅವರು ಸಾವಿನ ಮನೆಗೆಂದೇ ಮಡಿಚಿಟ್ಟಿದ್ದ ಸೀರೆ ಉಟ್ಟು, ಕೆಳಗಿನ ದರ್ಜಿಯನ್ನೂ ಕರೆದುಕೊಂಡು ಬಂದು ಬಾಗಿಲು ತಟ್ಟಿದರು.

ಕೈಯಲ್ಲಿ ಬೀನ್ಸ್ ಹಿಡಿದುಕೊಂಡೇ ಅತ್ತೆ ಬಾಗಿಲು ತೆರೆದರು.

ದರ್ಜಿ ಎರಡು ಮೆಟ್ಟಿಲು ಹಿಂದಕ್ಕೆ ಹೋದ. ನರ್ಸಮ್ಮ ಅತ್ತೆಯ ತುಟಿ ನೋಡಿದರು, ಉಗುರು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಆದರೆ ದಾರಿಯುದ್ದಕ್ಕೂ ತಡೆದು ತಂದಿದ್ದ ಅಳು ಆಗಲೇ ಕೊರಳಿಗೆ ಬಂದಿತ್ತು, ಅದನ್ನು ವಾಪಸು ಕಳಿಸುವುದು ಅವರಿಂದಾಗಲಿಲ್ಲ. ಅಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತರು.

"ಬನ್ನಿ, ಕೂತ್ಕೊಂಡು ಅಳಿ" ಎಂದು ಅತ್ತೆ ಅವರ ಕೈಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ತಾವು ಪಕ್ಕದಲ್ಲಿ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತು ಬೀನ್ಸಿನ ನಾರು ತೆಗೆದರು. ಆಮೇಲೆ ಅವರ ಕೈ ನಿಂತಿತು, ಹೆಗಲು ಅಲುಗತೊಡಗಿತು. ಮಾವ ಹೋದ ಮೇಲೆ ಮೊದಲ ಸಲ, ಎದುರು ಮನೆಯವರ ಮೊಣಕಾಲಿಗೆ ಹಣೆ ಒತ್ತಿಕೊಂಡು, ಅವರು ಅತ್ತರು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನೋಡೋಣಪ್ಪನವರು ತೊಟ್ಟಿಯ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಸತ್ತ ಹವಳದ ಒಂದು ಕವಲನ್ನು ನೀರಿನಿಂದ ಎತ್ತಿದರು. ಅದನ್ನು ಎಲ್ಲಿಡುವುದೆಂದು ಮನೆಯ ಸುತ್ತ ನೋಡಿದರು. ಅಳು ಇನ್ನೂ ನಿಂತಿರಲಿಲ್ಲ. ಅವರು ಅದನ್ನು ಸದ್ದಾಗದ ಹಾಗೆ, ಎಲ್ಲಿತ್ತೋ ಅಲ್ಲೇ, ಮತ್ತೆ ನೀರಿನೊಳಗೆ ಇಟ್ಟರು.